ತಮಟೆ ತಾತನ ಹತ್ತಿರ, ಕುದುರೆ ಚಾಚಾನ ಲಾಯದಲ್ಲಿ: ಕಲಿಯಲು ಹೋಗುವವರಿಗೆ

ದಾವಣಗೆರೆ, ಚಿತ್ರದುರ್ಗದ ಕಡೆ ಮೆರವಣಿಗೆ ಹೊರಟರೆ ಮುಂದೆ ತಮಟೆ, ಉರುಮೆ, ಹಿಂದೆ ಕುದುರೆ. ನೋಡುವವರಿಗೆ ಎರಡೂ ಬೇರೆ ಬೇರೆ ಕಸುಬು. ಕಲಿಯುವವರಿಗೆ ಮಾತ್ರ ಎರಡರ ದಾರಿಯೂ ಒಂದೇ. ಬಾರಿಸುವ ತಾತನಿಗೂ ಕುದುರೆ ಸಾಕುವ ಚಾಚಾನಿಗೂ ಗೊತ್ತಿರುವುದೆಲ್ಲ ಕೈಯಲ್ಲಿದೆ, ಬಾಯಲ್ಲಿ ಇರುವುದು ಕಡಿಮೆ. 'ಹೇಗೆ ಬಾರಿಸೋದು ಹೇಳ್ಕೊಡ್ರಿ' ಅಂದರೆ 'ಹಿಂಗೆ' ಅಂತ ಬಾರಿಸಿ ತೋರಿಸಿ ಸುಮ್ಮನಾಗುತ್ತಾರೆ. ವಿದ್ಯೆ ಮುಚ್ಚಿಡುತ್ತಿದ್ದಾರೆ ಅಂದುಕೊಳ್ಳಬೇಡಿ, ಅವರು ಕಲಿತಿದ್ದೂ ಹಾಗೆಯೇ. ಅವರ ಜೊತೆ ಕೆಲಸಕ್ಕೆ ನಿಂತರೆ ಒಂದು ತಿಂಗಳಲ್ಲಿ ಬರುವಷ್ಟು ವಿದ್ಯೆ, ಪಕ್ಕದಲ್ಲಿ ಕೂತು ವರ್ಷವಿಡೀ ಪ್ರಶ್ನೆ ಕೇಳಿದರೂ ಬರುವುದಿಲ್ಲ.

ಯಾವಾಗ ಹೋಗಬೇಕು

ಮದುವೆ ಸೀಸನ್‌ನಲ್ಲಿ ಹೋದರೆ ಇಬ್ಬರೂ ಸಿಗುವುದಿಲ್ಲ, ಸಿಕ್ಕರೂ ನಿದ್ದೆಗೆಟ್ಟಿರುತ್ತಾರೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಜಾತ್ರೆಗಳ ಕಾಲ. ನಾಯಕನಹಟ್ಟಿ ತೇರಿನ ಹಿಂದುಮುಂದು ವಾದ್ಯದವರ ಮನೆಗೆ ಹೋಗುವುದೇ ಬೇಡ. ಕಲಿಕೆಗೆ ಸರಿಯಾದ ಕಾಲ ಎರಡು: ಆಷಾಢ ಮತ್ತು ಧನುರ್ಮಾಸ. ಆಗ ಮದುವೆಗಳಿಲ್ಲ, ತಮಟೆ ಗೂಟಕ್ಕೆ ತೂಗುತ್ತಿರುತ್ತದೆ, ಕುದುರೆಗೂ ಬಿಡುವು. ಆಷಾಢದಲ್ಲಿ ಒಂದು ತೊಂದರೆ ಉಂಟು. ಥಂಡಿ ಗಾಳಿಗೆ ಚರ್ಮ ಸಡಿಲವಾಗುತ್ತದೆ, ತಮಟೆಯನ್ನು ಪದೇ ಪದೇ ಕಾಯಿಸಬೇಕು. ಆದರೆ ಹೊಸಬರಿಗೆ ಕಾಯಿಸುವ ಅಭ್ಯಾಸ ಆಗುವುದೂ ಆಗಲೇ. ಮೆಕ್ಕೆಜೋಳದ ಕೊಯ್ಲಿನ ದಿನಗಳಲ್ಲಿ ಊರಿನ ಕೈಗಳೆಲ್ಲ ಹೊಲದಲ್ಲಿರುತ್ತವೆ, ಆಗ ಯಾರ ಸಮಯವನ್ನೂ ಕೇಳಬೇಡಿ.

ಗುರುವನ್ನು ಗುರುತಿಸುವುದು

ಹೆಸರು ಬೇಕಾದರೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ, ಅಲ್ಲೂ ಕೇಳಬಹುದು. ಆದರೆ ಪಟ್ಟಿಯಲ್ಲಿ ಹೆಸರಿಲ್ಲದ ದೊಡ್ಡವರು ಹಟ್ಟಿಗಳಲ್ಲಿ ಬಹಳ ಜನ ಇದ್ದಾರೆ. ಚಳ್ಳಕೆರೆ ತಾಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಬಾರದೆಯೇ ಸಾವಿರಾರು ಹಾಡು ತಲೆಯಲ್ಲಿಟ್ಟುಕೊಂಡಿದ್ದರು. ಅಂಥವರನ್ನು ಬ್ಯಾನರ್ ನೋಡಿ ಹುಡುಕಲು ಆಗುವುದಿಲ್ಲ. ಊರಿನ ಪೂಜಾರಿಯನ್ನು, ಭಜನೆಯವರನ್ನು, ಟೀ ಅಂಗಡಿಯವರನ್ನು ಕೇಳಿ.

ತಮಟೆ ತಂಡ ನೋಡುವಾಗ ಹಿರಿಯರ ಕೈ ನೋಡಿದರೆ ಸಾಲದು, ಅವರ ಪಕ್ಕದಲ್ಲಿ ಬಾರಿಸುವ ಹುಡುಗರ ಕೈಯನ್ನೂ ನೋಡಿ. ಹುಡುಗರ ಪೆಟ್ಟು ಸ್ಪಷ್ಟವಾಗಿದ್ದರೆ ಆ ಹಿರಿಯರಿಗೆ ಕಲಿಸಲು ಬರುತ್ತದೆ ಎಂದೇ ಅರ್ಥ. ಚೆನ್ನಾಗಿ ಬಾರಿಸುವವರೆಲ್ಲ ಚೆನ್ನಾಗಿ ಕಲಿಸುವುದಿಲ್ಲ.

ಲಾಯಕ್ಕೆ ಹೋದರೆ ಯಜಮಾನನ ಮಾತಿಗಿಂತ ಮೊದಲು ಕುದುರೆಯನ್ನು ನೋಡಿ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಎತ್ತರದ ಜಾಗದಲ್ಲಿ ಬಿಳಿ ಕೂದಲಿನ ಮಚ್ಚೆ ಇದ್ದರೆ, ಹಿಂದೊಮ್ಮೆ ಜೀನು ಕೊರೆದು ಹುಣ್ಣಾಗಿತ್ತು ಎಂದು ತಿಳಿಯಿರಿ. ಬಾಯಿಯ ಎರಡು ಮೂಲೆ ಒಡೆದಿದ್ದರೆ ಲಗಾಮು ಜಗ್ಗುವ ಕೈ ಒರಟು. ನೀರಿನ ತೊಟ್ಟಿಯಲ್ಲಿ ಪಾಚಿ ಕಟ್ಟಿದೆಯೋ ಬಗ್ಗಿ ನೋಡಿ. ಯಜಮಾನ ಒಳಗೆ ಬಂದಾಗ ಕುದುರೆ ಕಿವಿಯನ್ನು ಮುಂದೆ ಮಾಡಿ ಹತ್ತಿರ ಬಂದರೆ ಅಲ್ಲಿ ಕಲಿಯಬಹುದು. ಕಿವಿಯನ್ನು ಹಿಂದಕ್ಕೆ ಅಂಟಿಸಿಕೊಂಡು ಗೋಡೆಯ ಕಡೆ ಸರಿದರೆ ಬೇರೆ ಲಾಯ ಹುಡುಕಿ. ಬಾಯಿಗೆ ಮುಳ್ಳಿನ ಕಡಿವಾಣ ಹಾಕುವ ಕಡೆಯಂತೂ ನಿಲ್ಲಲೇಬೇಡಿ. ದುಡಿಯುವ, ಹೊರೆ ಹೊರುವ ಪ್ರಾಣಿಗಳಿಗೆ ಹಿಂಸೆ ಕೊಡದಂತೆ ತಡೆಯುವ 1965ರ ಕೇಂದ್ರ ನಿಯಮದಲ್ಲೇ ಅದಕ್ಕೆ ನಿಷೇಧವಿದೆ.

ಕೇಳುವ ರೀತಿ, ಕೊಡುವ ರೀತಿ

ತಮಟೆಯ ವಿಚಾರದಲ್ಲಿ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಆ ಕೇರಿಗೆ ಕಾಲಿಡಬೇಕು. ಈ ವಾದ್ಯವನ್ನು ಉಳಿಸಿದವರು ಮಾದಿಗ ಸಮುದಾಯದವರು. ಸಾವಿಗೆ, ಸಾರುವುದಕ್ಕೆ, ಜಾತ್ರೆಗೆ 'ಬಾ, ಬಾರಿಸು' ಎಂದು ಊರು ಅವರ ಮೇಲೆ ಹೇರಿದ ಬಿಟ್ಟಿ ಕೆಲಸವೂ ಇದೇ ಆಗಿತ್ತು. ಎಷ್ಟೋ ಮನೆಗಳು ಆ ಅವಮಾನ ಸಾಕೆಂದು ತಮಟೆ ಕೆಳಗಿಟ್ಟಿವೆ, ಅದು ಅವರ ಹಕ್ಕು. ಹಾಗಾಗಿ 'ಸ್ವಲ್ಪ ಬಾರಿಸಿ ತೋರಿಸಿ' ಎಂಬ ಅಪ್ಪಣೆಯ ದನಿ ಬೇಡ. 'ತಾತಾ, ನಿಮ್ಮ ಕೈಯಲ್ಲಿ ಕಲಿಯೋ ಆಸೆ ಐತಿ, ನಿಮಗೆ ಮನಸ್ಸಿದ್ರೆ ಹೇಳ್ರಿ' ಅನ್ನಿ. ಬೇಡ ಅಂದರೆ ಕೈಮುಗಿದು ಬನ್ನಿ, ಒತ್ತಾಯ ಮಾಡಬೇಡಿ. ಒಪ್ಪಿದರೆ ಅವರ ಮನೆಯಲ್ಲಿ ಕೂತು ನೀರು ಕುಡಿಯಿರಿ, ಚಾ ಕುಡಿಯಿರಿ. ಅಷ್ಟು ಆಗದವರು ಈ ವಿದ್ಯೆ ಕಲಿಯಲು ಹೋಗಬಾರದು.

ಮೊದಲ ದಿನ ಎಲೆ, ಅಡಿಕೆ, ಬಾಳೆಹಣ್ಣು, ಕೈಲಾದ ದಕ್ಷಿಣೆ. ಮುಂದಿನ ದಿನಗಳ ಹಣದ ಮಾತನ್ನು ಅವತ್ತೇ ಆಡಿ ಮುಗಿಸಿ. ಅವರು ಅರ್ಧ ದಿನ ಕೊಟ್ಟರೆ ಆ ಊರಿನ ಅರ್ಧ ದಿನದ ಕೂಲಿಗೆ ಕಡಿಮೆ ಇರಬಾರದು. ದುಡ್ಡಿನ ಬದಲು ಬಾಟಲಿ ಕೊಡುವ ಕೆಟ್ಟ ರೂಢಿ ಕೆಲವು ಕಡೆ ಇದೆ, ಅದನ್ನು ಮುಂದುವರಿಸಬೇಡಿ. ವಯಸ್ಸಾದ ಕಲಾವಿದರಿಗೆ ಸರ್ಕಾರದ ಮಾಸಾಶನ ಇದೆ, ಅರ್ಜಿ ತುಂಬುವವರಿಲ್ಲದೆ ಎಷ್ಟೋ ಜನರಿಗೆ ಸಿಕ್ಕಿಲ್ಲ. ಅರ್ಜಿ ಬರೆದು, ಆಧಾರ್, ಪಾಸ್‌ಬುಕ್ ಜೆರಾಕ್ಸ್ ಜೋಡಿಸಿ ಕಚೇರಿಗೆ ಮುಟ್ಟಿಸಿ ಬನ್ನಿ. ಗುರುದಕ್ಷಿಣೆ ಎಂದರೆ ಅದೂ ಹೌದು.

ಲಾಯದಲ್ಲಿ ಹಣಕ್ಕಿಂತ ಕೈಗೆ ಬೆಲೆ. 'ಚಾಚಾ, ಬೆಳಿಗ್ಗೆ ಲದ್ದಿ ಬಾಚೋಕೆ ಬರ್ಲಾ' ಎಂದು ಕೇಳಿದವರಿಗೆ ಬಾಗಿಲು ಬೇಗ ತೆರೆಯುತ್ತದೆ. ಹೋಗುವ ಮುಂಚೆ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಳ್ಳಿ. ಕುದುರೆ ಲದ್ದಿ ಇರುವ ಕಡೆ ಆ ರೋಗಾಣು ಇದ್ದೇ ಇರುತ್ತದೆ.

ತಮಟೆ: ಮೊದಲ ತಿಂಗಳು

ಮೊದಲ ವಾರ ಕೋಲು ಕೇಳಬೇಡಿ. ಕಾಯಿಸುವ ಕೆಲಸ ಕೇಳಿ ತೆಗೆದುಕೊಳ್ಳಿ.

ಒಣ ಹುಲ್ಲು, ತರಗು, ರದ್ದಿ ಪೇಪರ್ ಸೇರಿಸಿ ಸಣ್ಣ ಉರಿ ಹಾಕಿ. ಸೌದೆಯ ದೊಡ್ಡ ಉರಿ ಬೇಡ, ಅದರ ಕಾವು ಒಂದೇ ಕಡೆ ಹೊಡೆಯುತ್ತದೆ. ಚರ್ಮದ ಮುಖವನ್ನು ಉರಿಯ ಕಡೆ ಮಾಡಿ, ಒಂದು ಮೊಳ ದೂರದಲ್ಲಿ ಹಿಡಿದು, ಗಾಡಿಯ ಗಾಲಿ ತಿರುಗಿಸುವ ಹಾಗೆ ನಿಧಾನ ತಿರುಗಿಸುತ್ತಿರಬೇಕು. ಅರ್ಧ ನಿಮಿಷಕ್ಕೊಮ್ಮೆ ಹೊರಗೆ ತೆಗೆದು ಬೆರಳ ತುದಿಯಲ್ಲಿ ನಡುವೆ ಒಮ್ಮೆ, ಅಂಚಿನಲ್ಲಿ ನಾಲ್ಕು ಕಡೆ ತಟ್ಟಿ ಕೇಳಿ. ಸಡಿಲ ಚರ್ಮ 'ದಪ್' ಅನ್ನುತ್ತದೆ. ಬಿಗಿ ಬಂದಂತೆ ಸದ್ದು ಏರಿ 'ಠಣ್' ಅನ್ನುತ್ತದೆ. ನಾಲ್ಕೂ ಅಂಚು ಒಂದೇ ಸದ್ದು ಕೊಡುವವರೆಗೆ ಕಾಯಿಸಿ. ಒಂದು ಕಡೆ ತಗ್ಗಿದ್ದರೆ ಆ ಕಡೆಗಷ್ಟೇ ಇನ್ನೊಂದಿಷ್ಟು ಕಾವು.

ಎಡವುವುದು ಎಲ್ಲಿ ಎಂದರೆ, ಅವಸರಕ್ಕೆ ಉರಿಯ ಹತ್ತಿರ ಹಿಡಿಯುತ್ತಾರೆ. ಚರ್ಮ ಕಮಟು ವಾಸನೆ ಬರುವ ಹೊತ್ತಿಗೆ ಆಗಬಾರದ್ದು ಆಗಿಹೋಗಿರುತ್ತದೆ. ಸುಟ್ಟ ಜಾಗ ಗಡುಸಾಗಿ ಮುಂದೆ ಅಲ್ಲೇ ಹರಿಯುತ್ತದೆ, ಹೆಚ್ಚಾಗಿ ಬಳೆಯ, ಅಂದರೆ ಚರ್ಮ ಬಿಗಿದ ಸುತ್ತಿನ ಚೌಕಟ್ಟಿನ, ಅಂಚಿನಲ್ಲಿ. ಇನ್ನೊಂದು ತಪ್ಪು, ಬಿಗಿ ಬಂದ ತಮಟೆಯನ್ನು ಬಿಸಿಲಿಗೆ ಕಾದ ಗಾಡಿಯ ಮೇಲೆ ಇಟ್ಟು ಬರುವುದು. ಮೊದಲೇ ಬಿಗಿದ ಚರ್ಮ ಇನ್ನೂ ಬಿಗಿದು ಸೀಳುತ್ತದೆ.

ಈಗ ಫೈಬರ್ ಹಾಳೆಯ, ನಟ್ಟು ಬೋಲ್ಟಿನ ತಮಟೆಗಳೂ ಬಂದಿವೆ. ಮಳೆಗೆ ಹೆದರಬೇಕಿಲ್ಲ, ಕಾಯಿಸುವ ಗೋಜಿಲ್ಲ, ಮೆರವಣಿಗೆಗೆ ಅನುಕೂಲ. ಆದರೆ ಕಲಿಯುವುದಾದರೆ ಚರ್ಮದ್ದರಲ್ಲೇ ಕಲಿಯಿರಿ. ಹಾಳೆ ಕೋಲನ್ನು ತಾನೇ ಎತ್ತಿ ಎಸೆಯುತ್ತದೆ, ಮಣಿಕಟ್ಟು ಸೋಮಾರಿಯಾಗುತ್ತದೆ.

ಎರಡನೇ ವಾರಕ್ಕೆ ಕೋಲು. ಬಹುಪಾಲು ಕಡೆ ತಮಟೆ ಎಡ ಹೆಗಲಿಗೆ ತೂಗುತ್ತದೆ. ಬಲಗೈಯಲ್ಲಿ ಗಿಡ್ಡ, ದಪ್ಪ ಕೋಲು. ಎಡಗೈಯಲ್ಲಿ ಉದ್ದದ, ಬಳುಕುವ ತೆಳು ಬಿದಿರ ಸೀಳು. ದಪ್ಪ ಕೋಲು ನಡುವೆ ಬಿದ್ದು ಗತ್ತು ಹೇಳುತ್ತದೆ. ತೆಳು ಕೋಲು ಅಂಚಿನ ಮೇಲಿಂದ ಬಿದ್ದು ನಡುವಿನ ಜಾಗವನ್ನು ತುಂಬುತ್ತದೆ. ಹೊಸಬರ ತೊಂದರೆ ಯಾವಾಗಲೂ ಎಡಗೈಯದ್ದು. ತಮಟೆ ಜಾರದಂತೆ ಹಿಡಿಯುವುದೂ ಅದೇ ಕೈ, ಬಾರಿಸುವುದೂ ಅದೇ ಕೈ. ಮುಂಗೈ ಬಳೆಯ ಮೇಲೆ ಒರಗಿರಲಿ, ಬೆರಳುಗಳು ಮಾತ್ರ ಕೋಲನ್ನು ಆಡಿಸಲಿ. ಹತ್ತು ನಿಮಿಷದಲ್ಲಿ ಮೊಣಕೈ ನೋಯತೊಡಗಿದರೆ ನೀವು ತೋಳಿನಿಂದ ಬಾರಿಸುತ್ತಿದ್ದೀರಿ. ಹೆಗಲ ಪಟ್ಟಿಯನ್ನು ಎರಡು ಬೆರಳು ಮೇಲೆ ಕಟ್ಟಿ ನೋಡಿ, ಅರ್ಧ ನೋವು ಅಲ್ಲಿಗೇ ಹೋಗುತ್ತದೆ.

ಅಭ್ಯಾಸ ಹೀಗಿರಲಿ. ಬಾಯಲ್ಲಿ ಎಂಟು ಎಣಿಸುತ್ತಾ, ಬಲಗೈ ಒಂದು ಮತ್ತು ಐದಕ್ಕೆ ಮಾತ್ರ. ಎಡಗೈ ಎಂಟಕ್ಕೂ, ಮೆಲ್ಲಗೆ. ಹತ್ತು ನಿಮಿಷ ಒಂದೇ ವೇಗ. ನಡೆಯುತ್ತಾ ಬಾರಿಸಿ, ಒಂದಕ್ಕೂ ಐದಕ್ಕೂ ಬಲಗಾಲೇ ನೆಲ ಮುಟ್ಟಲಿ. ಕೂತು ಕಲಿತವರ ಲಯ ಮೆರವಣಿಗೆಯಲ್ಲಿ ನಾಲ್ಕು ಹೆಜ್ಜೆಗೇ ಕೆಡುತ್ತದೆ, ಏಕೆಂದರೆ ತಮಟೆಯ ಲಯ ಇರುವುದೇ ಕಾಲಿನಲ್ಲಿ. ಮೂರನೇ ವಾರಕ್ಕೆ ತಾತ ಬಾಯಲ್ಲಿ 'ಜಗ್ಗಣಕ ಜಣಕ' ಎಂದು ಹೇಳುವ ವರಸೆಗಳನ್ನು ಮೊದಲು ಬಾಯಲ್ಲೇ ಕಲಿಯಿರಿ. ಒಬ್ಬೊಬ್ಬರ ಬಾಯಿಪಾಠ ಒಂದೊಂದು ಥರ ಇರುತ್ತದೆ, ಅವರು ಹೇಳಿದ ಅಕ್ಷರವನ್ನೇ ಬರೆದುಕೊಳ್ಳಿ, ತಿದ್ದಬೇಡಿ. ಬಾಯಲ್ಲಿ ಬಂದ ವರಸೆ ಕೈಗೆ ತಾನಾಗಿ ಇಳಿಯುತ್ತದೆ.

ಉರುಮೆ ಇದಾದ ಮೇಲಿನ ಮಾತು. ಅದರಲ್ಲಿ ಒಂದು ಮುಖವನ್ನು ಹೊಡೆಯುತ್ತಲೇ ಇನ್ನೊಂದು ಮುಖವನ್ನು ಬಾಗಿದ ಕೋಲಿನಿಂದ ಉಜ್ಜಿ ಗುಂಯ್ ಎನ್ನುವ ಸದ್ದು ಎಳೆಯಬೇಕು. ತಮಟೆಯ ಲಯ ಕಾಲಿಗೆ ಹತ್ತದೆ ಅದನ್ನು ಮುಟ್ಟಿದರೆ ಎರಡೂ ಕೈ ತಪ್ಪುತ್ತವೆ.

ಫೋನಿನಲ್ಲಿ ರೆಕಾರ್ಡ್ ಮಾಡುವುದಾದರೆ ಅನುಮತಿ ಕೇಳಿ, ಎಲ್ಲಿ ಹಾಕುತ್ತೀರಿ ಎಂದೂ ಮೊದಲೇ ಹೇಳಿ. ತಮಟೆಯಿಂದ ಮೂರು ಮೀಟರ್ ಆದರೂ ದೂರ ಇಡಿ, ಹತ್ತಿರ ಇಟ್ಟರೆ ಸದ್ದು ಒಡೆದು ಬರೀ ಗರಗರ ಉಳಿಯುತ್ತದೆ. ವಿಡಿಯೋವನ್ನು ಎದುರಿನಿಂದ ತೆಗೆಯಬೇಡಿ. ತಾತನ ಹೆಗಲ ಹಿಂದಿನಿಂದ, ಕೈ ಕಾಣುವಂತೆ ತೆಗೆದರೆ ನೋಡಿ ಕಲಿಯುವಾಗ ಎಡ ಬಲ ತಿರುಗುಮುರುಗು ಆಗುವುದಿಲ್ಲ. ಒಂದು ವರಸೆಯನ್ನು ಬಾಯಲ್ಲಿ ಒಮ್ಮೆ, ನಿಧಾನ ಒಮ್ಮೆ, ಪೂರಾ ವೇಗದಲ್ಲಿ ಒಮ್ಮೆ ತೆಗೆಯಿರಿ. ಫೈಲಿಗೆ ಊರು, ತಾರೀಖು, ಬಾರಿಸಿದವರ ಹೆಸರು ಹಾಕಿ, ಒಂದು ಪ್ರತಿ ಮೆಮೊರಿ ಕಾರ್ಡಿನಲ್ಲಿ ಅವರ ಮನೆಗೆ ಕೊಡಿ.

ಲಾಯ: ಸವಾರಿಗೆ ಮುಂಚಿನ ತಿಂಗಳು

ಕುದುರೆಯ ಹತ್ತಿರ ಹೋಗುವುದು ಎಡ ಹೆಗಲಿನ ಕಡೆಯಿಂದ, ಮೊದಲು ಮಾತು, ಆಮೇಲೆ ಕೈ. ಅದಕ್ಕೆ ಸುತ್ತಲೂ ಬಹುತೇಕ ಕಾಣುತ್ತದೆ. ಕಾಣದ ಜಾಗ ಎರಡೇ: ಮೂಗಿನ ಎದುರು ಹತ್ತಿರದ್ದು, ಬಾಲದ ನೇರ ಹಿಂದಿನದು. ಹಿಂದೆ ಹಾಯಬೇಕಾದರೆ ಒಂದು ಕೈ ಅದರ ಬೆನ್ನ ಮೇಲೆ ಸವರುತ್ತಾ ಮೈಗೆ ಮೈ ತಾಗುವಷ್ಟು ಹತ್ತಿರ ಹಾಯಿರಿ, ಇಲ್ಲವೇ ಮೂರು ಮೀಟರ್ ದೂರ. ನಡುವಿನ ದೂರದಲ್ಲಿದ್ದವರಿಗೇ ಒದೆಯ ಪೂರ್ತಿ ಬಲ ಬೀಳುವುದು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬಾರದು. ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿಯಿರಿ. ಸುತ್ತಿಕೊಂಡ ಹಗ್ಗ ಬೆರಳು ಕಿತ್ತುಕೊಂಡು ಹೋಗುತ್ತದೆ.

ಚಾಚಾ ಕೊಡುವ ಮೊದಲ ಪಾಠ ಗೊರಸು. ಗೊರಸು ಕೆರೆಯುವ ಕೊಕ್ಕೆಯನ್ನು ಹಿಮ್ಮಡಿಯಿಂದ ತುದಿಯ ಕಡೆಗೆ ಎಳೆಯಬೇಕು, ತಿರುಗಿ ಎಳೆದರೆ ನಡುವಿನ ಮೂರು ಮೂಲೆಯ ಮೆತ್ತನೆ ಭಾಗಕ್ಕೆ ಚುಚ್ಚುತ್ತದೆ. ಆ ಮೆತ್ತನೆ ಭಾಗದ ಎರಡೂ ಪಕ್ಕದ ಸಂದಿಯಲ್ಲಿ ಲದ್ದಿ, ಕೆಸರು ಕೂರುತ್ತದೆ. ಕೊಕ್ಕೆ ಮೂಗಿನ ಹತ್ತಿರ ಹಿಡಿದು ನೋಡಿ. ಕೊಳೆತ ವಾಸನೆ, ಕಪ್ಪು ಜಿಡ್ಡು ಇದ್ದರೆ ಗೊರಸು ಕೊಳೆಯಲು ಶುರುವಾಗಿದೆ. ದಾವಣಗೆರೆ ಕಡೆಯ ಎರೆ ನೆಲದಲ್ಲಿ ಮಳೆಗಾಲದಲ್ಲಿ ಇದು ಬಹಳ, ನಿಲ್ಲುವ ಜಾಗ ಒಣಗಿಸದೆ ಯಾವ ಔಷಧಿ ಹಚ್ಚಿದರೂ ಮತ್ತೆ ಬರುತ್ತದೆ. ಚಿತ್ರದುರ್ಗದ ಕಲ್ಲು ನೆಲದಲ್ಲಿ ಕೊಳೆತ ಕಡಿಮೆ, ಆದರೆ ಅಂಚು ಸಿಡಿಯುತ್ತದೆ, ಲಾಳದ ಸಂದಿಗೆ ಕಲ್ಲು ಸಿಕ್ಕಿಕೊಳ್ಳುತ್ತದೆ. ಲಾಳವನ್ನು ಆರರಿಂದ ಎಂಟು ವಾರಕ್ಕೊಮ್ಮೆ ಬಿಚ್ಚಿ, ಗೊರಸು ಸವರಿ, ಮತ್ತೆ ಕಟ್ಟಿಸಬೇಕು. ಲಾಳ ಸವೆದಿಲ್ಲ ಎಂದು ಬಿಟ್ಟರೆ ಕೆಳಗೆ ಗೊರಸು ಬೆಳೆದು ಹೆಜ್ಜೆ ಕೆಡುತ್ತದೆ. ಎತ್ತಿಗೆ ಲಾಳ ಕಟ್ಟುವವರ ಹತ್ತಿರ ಕುದುರೆ ಒಯ್ಯಬೇಡಿ. ಎತ್ತಿನದು ಸೀಳು ಗೊರಸು, ಪಾದಕ್ಕೆ ಎರಡು ತುಂಡು, ಕೆಡವಿ ಕಟ್ಟುತ್ತಾರೆ. ಕುದುರೆಯದು ಒಂದೇ ತುಂಡು, ನಿಂತಲ್ಲೇ ಕಟ್ಟುವುದು. ಮೊಳೆ ಒಂದಿಷ್ಟು ಒಳಗೆ ಹೋದರೂ ಕುಂಟು ಬರುತ್ತದೆ.

ಮೇವಿನ ಪಾಠದಲ್ಲಿ ಅಳತೆ ಮುಖ್ಯ. 350 ಕಿಲೋ ತೂಗುವ ಕುದುರೆಗೆ ದಿನಕ್ಕೆ ಐದರಿಂದ ಏಳು ಕಿಲೋ ಒಣ ಹುಲ್ಲು ಬೇಕು, ಮೂರು ನಾಲ್ಕು ಸಲ ಹಂಚಿ. ಹುರುಳಿಯನ್ನು ರಾತ್ರಿ ನೆನೆಹಾಕಿ ಬೇಯಿಸಿ, ಆರಿಸಿ ಕೊಡಿ. ಕೆಲಸ ಮಾಡುವ ಕುದುರೆಗೆ ದಿನಕ್ಕೆ ಒಂದರಿಂದ ಒಂದೂವರೆ ಕಿಲೋ, ಎರಡು ಹೊತ್ತಿಗೆ. ಕೆಲಸ ಇಲ್ಲದ ದಿನ ಅರ್ಧಕ್ಕೆ ಇಳಿಸಿ. ನೀರು 25ರಿಂದ 40 ಲೀಟರ್, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಉಪ್ಪು ಒಂದು ಹಿಡಿಗಿಂತ ಕಡಿಮೆ, 30 ಗ್ರಾಂ.

ನಮ್ಮ ಸೀಮೆಯಲ್ಲಿ ಎರಡು ಮೇವಿನ ಬಗ್ಗೆ ಕಣ್ಣಿಟ್ಟಿರಬೇಕು. ಮೊದಲನೆಯದು ಬೂಷ್ಟು ಹಿಡಿದ ಮೆಕ್ಕೆಜೋಳ. ಹಸು, ಎಮ್ಮೆ ತಿಂದು ಅರಗಿಸಿಕೊಂಡಾವು. ಕುದುರೆಗೆ ಆ ಬೂಷ್ಟಿನ ವಿಷ ಮೆದುಳನ್ನೇ ಕರಗಿಸುತ್ತದೆ. ಸುತ್ತು ತಿರುಗುವುದು, ಗೋಡೆಗೆ ತಲೆ ಒತ್ತುವುದು ಶುರುವಾದ ಮೇಲೆ ಉಳಿಯುವುದು ಅಪರೂಪ. ಮಳೆಗೆ ನೆನೆದ ಕಾಳು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ, ಒಣಗಿಸಿದರೂ ವಿಷ ಹೋಗುವುದಿಲ್ಲ. ಎರಡನೆಯದು ಹಸಿ ಜೋಳದ ಬೆಳೆ. ಎಳೆ ಜೋಳದ ಸಪ್ಪೆ ದನಗಳಿಗೆ ವಿಷ ಎಂದು ಎಲ್ಲರಿಗೂ ಗೊತ್ತು. ಕುದುರೆಗೆ ದಿನಾ ಹಸಿ ಜೋಳ ಮೇಯಿಸಿದರೆ ಹಿಂಗಾಲಿನ ಹಿಡಿತ ತಪ್ಪಿ ತೂರಾಡುತ್ತದೆ, ಮೂತ್ರ ತೊಟ್ಟಿಕ್ಕುತ್ತಲೇ ಇರುತ್ತದೆ. ಬೇಲಿಯ ಕಣಗಿಲೆ ಎಲೆಯೂ ಲಾಯದ ಹತ್ತಿರ ಬೇಡ.

ಹೊಟ್ಟೆಶೂಲೆ ಗುರುತಿಸಲು ಬರದವರಿಗೆ ಚಾಚಾ ಲಗಾಮು ಕೊಡಬಾರದು, ನೀವೂ ಕೇಳಬಾರದು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆಯಲ್ಲಿ ಕಟ್ಟಿದ್ದು ಮೇಲೆ ಬರುವ ದಾರಿಯೇ ಇಲ್ಲ. ತಿರುಗಿ ಪಕ್ಕೆ ನೋಡಿಕೊಳ್ಳುವುದು, ಮುಂಗಾಲಲ್ಲಿ ನೆಲ ಕೆರೆಯುವುದು, ಮಲಗಿ ಎದ್ದು ಮಾಡುವುದು, ಲದ್ದಿ ನಿಂತಿರುವುದು ಅದರ ಗುರುತು. ದವಡೆಯ ಕೆಳಗಿನ ನಾಡಿಯನ್ನು ಬೆರಳಲ್ಲಿ ಹಿಡಿದು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ನಿಂತ ಕುದುರೆಗೆ 28ರಿಂದ 44 ಸರಿ, 60 ದಾಟಿದರೆ ಕಾಯಬಾರದು. ಮೇವು ತೆಗೆದುಬಿಡಿ, ಪಶುವೈದ್ಯರಿಗೆ ಫೋನ್ ಮಾಡಿ. ಅವರು ಬರುವ ಮುಂಚೆ ಎಣ್ಣೆ, ಸೋಡಾ ಬಾಯಿಗೆ ಸುರಿದರೆ ಶ್ವಾಸಕೋಶಕ್ಕೆ ಇಳಿದೀತು.

ಜೀನು ಬಿಗಿಯುವಾಗ ಕುದುರೆ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ. ಒಮ್ಮೆ ಬಿಗಿದು, ಹತ್ತು ಹೆಜ್ಜೆ ನಡೆಸಿ, ಮತ್ತೆ ಬಿಗಿಯಿರಿ. ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು. ಬಿಚ್ಚಿದ ಮೇಲೆ ಬೆವರಿನ ಗುರುತು ನೋಡಿ: ಸುತ್ತ ಒದ್ದೆಯಾಗಿ ನಡುವೆ ಒಂದು ಕಡೆ ಒಣಗಿದ್ದರೆ ಜೀನು ಅಲ್ಲಿ ಒತ್ತುತ್ತಿದೆ. ಇವತ್ತಿನ ಒಣ ಮಚ್ಚೆಯೇ ಮುಂದಿನ ಹುಣ್ಣು.

ಕುದುರೆಗೆ ತಮಟೆ ಕೇಳಿಸುವುದು

ಎರಡೂ ವಿದ್ಯೆ ಕೂಡುವ ಜಾಗ ಇದು. ತಾತನನ್ನೂ ಚಾಚಾನನ್ನೂ ಒಂದೇ ಬಯಲಿಗೆ ಕರೆತರಬೇಕು. ಒಂದು ತಿಂಗಳು ಹಿಡಿಯುತ್ತದೆ, ದಿನಕ್ಕೆ 15 ನಿಮಿಷ ಸಾಕು.

1. ಮೂರು ದಿನ ತಮಟೆಯನ್ನು ಸದ್ದಿಲ್ಲದೆ ಹುರುಳಿ ಬಕೆಟ್ಟಿನ ಪಕ್ಕ ಇಡಿ. ಮೂಸಲಿ, ಮೂತಿಯಲ್ಲಿ ದೂಡಲಿ.

2. ಬಯಲಿನಲ್ಲಿ 50 ಮೀಟರ್ ದೂರದಿಂದ ಬೆರಳಲ್ಲಿ ತಟ್ಟುವುದು. ಕುದುರೆಯನ್ನು ಕಂಬಕ್ಕೆ ಕಟ್ಟಬೇಡಿ, ಉದ್ದ ಹಗ್ಗದಲ್ಲಿ ಮನುಷ್ಯ ಹಿಡಿದಿರಲಿ. ಕಟ್ಟಿದ ಕುದುರೆ ಗಾಬರಿಗೆ ಹಿಂದಕ್ಕೆ ಜಗ್ಗಿ ಕುತ್ತಿಗೆ ಉಳುಕಿಸಿಕೊಳ್ಳುತ್ತದೆ. ಹೆದರದ ಹಳೆಯ ಕುದುರೆಯೊಂದು ಪಕ್ಕದಲ್ಲಿದ್ದರೆ ಅರ್ಧ ಕೆಲಸ ಹಗುರ.

3. ತಲೆ ಮೇಲೆತ್ತಿ, ಕುತ್ತಿಗೆ ಸೆಟೆದು, ಕಣ್ಣಿನ ಬಿಳಿ ಕಂಡರೆ ತಮಟೆಯವರು ದೂರ ಸರಿಯಬೇಕು, ಬಾರಿಸುವುದನ್ನು ಮಾತ್ರ ನಿಲ್ಲಿಸಬಾರದು. ತಲೆ ತಗ್ಗಿಸಿ, ತುಟಿ ನೆಕ್ಕಿ, ಮೂಗಿನಿಂದ ಉಸಿರು ಬಿಟ್ಟ ಕ್ಷಣ ಸದ್ದು ನಿಲ್ಲಬೇಕು. ಇಲ್ಲೇ ಹೆಚ್ಚಿನವರು ತಪ್ಪುವುದು: ಕುದುರೆ ಕುಣಿದಾಗ ನಿಲ್ಲಿಸುತ್ತಾರೆ. ಕುಣಿದರೆ ಸದ್ದು ನಿಲ್ಲುತ್ತದೆ ಎಂದು ಅದು ಕಲಿತುಬಿಡುತ್ತದೆ, ಆಮೇಲೆ ಬಿಡಿಸುವುದು ಬಹಳ ಕಷ್ಟ.

4. ತಮಟೆಯವರು ಬಾರಿಸುತ್ತಾ ಮುಂದೆ ಮುಂದೆ ನಡೆಯಲಿ, ಕುದುರೆ ಹಿಂದೆ ಬರಲಿ. ತನ್ನಿಂದ ದೂರ ಹೋಗುವ ವಸ್ತುವಿಗೆ ಕುದುರೆ ಹೆದರುವುದಿಲ್ಲ, ಅದನ್ನು ಹಿಂಬಾಲಿಸುವಾಗ ಧೈರ್ಯ ಬರುತ್ತದೆ. ಮೆರವಣಿಗೆಯಲ್ಲಿ ತಮಟೆ ಮುಂದಿರುವುದು ಈ ಲೆಕ್ಕದಲ್ಲೂ ಒಳ್ಳೆಯದೇ. ದಿನಕ್ಕೆ ನಾಲ್ಕೈದು ಮೀಟರ್ ದೂರ ಕಡಿಮೆ ಮಾಡುತ್ತಾ ಬನ್ನಿ.

5. ಕುದುರೆ ಬೆಚ್ಚುವುದು ಲಯಕ್ಕಲ್ಲ, ಮೌನದಿಂದ ಏಳುವ ಮೊದಲ ಪೆಟ್ಟಿಗೆ. ತಾತನಿಗೆ ಇದನ್ನು ಹೇಳಿ: ತೆಳು ಕೋಲಿನಿಂದ ಮೆಲ್ಲಗೆ ಶುರುಮಾಡಿ, ಎಂಟು ಹತ್ತು ಎಣಿಕೆಯಲ್ಲಿ ಏರಿಸಿ, ಆಮೇಲೆ ದಪ್ಪ ಕೋಲು. ಎರಡು ತಮಟೆ, ಆಮೇಲೆ ನಾಲ್ಕು. ಉರುಮೆ ಕೊನೆಗೆ. ಅದರ ಎಳೆದ ಗುಂಯ್ ಸದ್ದು ಮೃಗ ಗುರುಗುಟ್ಟಿದಂತೆ ಇರುವುದರಿಂದ ಅದಕ್ಕೆ ಬೇರೆಯೇ ಒಂದು ವಾರ ಕೊಡಿ.

ಪಟಾಕಿಗೂ ಡಿಜೆಗೂ ಈ ಅಭ್ಯಾಸ ಸಾಲದು. ಅವು ಇರುವ ಮೆರವಣಿಗೆಗೆ ಕುದುರೆ ಕಳಿಸುವುದಿಲ್ಲ ಎಂದು ಮೊದಲೇ ಹೇಳಿಬಿಡುವುದೇ ಸರಿ.

ಮೆರವಣಿಗೆಯ ದಿನ ತಮಟೆಗೂ ಕುದುರೆಗೂ ಹತ್ತು ಮಾರು ಅಂತರ ಇರಲಿ. 37 ಡಿಗ್ರಿ ದಾಟಿದ ದಿನ ಮಧ್ಯಾಹ್ನ 12ರಿಂದ 3ರವರೆಗೆ ದುಡಿಯುವ ಪ್ರಾಣಿಗಳನ್ನು ಕೆಲಸಕ್ಕೆ ಹಚ್ಚಬಾರದೆಂದು ಅದೇ 1965ರ ನಿಯಮದಲ್ಲಿದೆ, ನಮ್ಮ ಏಪ್ರಿಲ್‌ನಲ್ಲಿ ಅಂಥ ದಿನಗಳು ಬರುತ್ತವೆ. ಮುಗಿದ ಮೇಲೆ ಜೀನು ಸಡಿಲಿಸಿ ಹತ್ತು ನಿಮಿಷ ನಡೆಸಿ, ನೀರನ್ನು ಐದಾರು ಗುಟುಕಿನಂತೆ ಬಿಟ್ಟು ಬಿಟ್ಟು ಕುಡಿಸಿ, ನಾಲ್ಕೂ ಗೊರಸು ಎತ್ತಿ ನೋಡಿ. ತಮಟೆಯ ಬೆವರನ್ನು ಒಣ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಸುತ್ತಿ, ಇಲಿ ಹತ್ತದ ಗೂಟಕ್ಕೆ ನೇತುಹಾಕಿ.